ಕ್ಯಾಬಿನೆಟ್ಟಿನ ಬೆನ್ನು

ಕಂಪ್ಯೂಟರ್ ಕಟ್ಟಿಸುವವರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕ್ಯಾಬಿನೆಟ್ ತರುತ್ತಾರೆ. ನನ್ನದು ಉಲ್ಟಾ. ಒಳಗೆ ಏನಿದ್ದರೂ ನಡೆದೀತು, ಪೆಟ್ಟಿಗೆ ಮಾತ್ರ ಸರಿಯಿರಬೇಕು. ದೆಹಲಿಯ ಕರೋಲ್ ಬಾಗಿನಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಯಾರು ಹೊಸ ಮಿಷನ್ ಕಟ್ಟಿಸಿದರೂ ನನ್ನನ್ನು ಕರೆಯುತ್ತಾರೆ. ಕರೆಯದಿದ್ದರೆ ನಾನೇ ಸುದ್ದಿ ಹಿಡಿದು ಹೋಗುತ್ತೇನೆ.

ಪಕ್ಕದ ಗಫಾರ್ ಮಾರ್ಕೆಟ್ ಮೊಬೈಲುಗಳ ಸಾಮ್ರಾಜ್ಯ. ಕ್ಯಾಬಿನೆಟ್ಟಿಗಾಗಿ ನಾವು ಮೆಟ್ರೋ ಹತ್ತಿ, ಮಂಡಿ ಹೌಸ್‌ನಲ್ಲಿ ಬದಲಿಸಿ, ನೆಹರು ಪ್ಲೇಸಿಗೆ ಹೋಗುವುದು. ಅಂಗಡಿಯವನು ಮುಂಭಾಗ ತೋರಿಸುತ್ತಾನೆ: ಗಾಜು, ಬಣ್ಣಬಣ್ಣದ ದೀಪ. ನಾನು ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿಯ ತಗಡು ಬಿಚ್ಚಿಸುತ್ತೇನೆ. ಬೆಂಡೆಕಾಯಿಯ ತುದಿ ಮುರಿದು ನೋಡುವ ಗಿರಾಕಿಯನ್ನು ತರಕಾರಿಯವನು ನೋಡುವ ಹಾಗೆ ನನ್ನನ್ನು ನೋಡುತ್ತಾನೆ. ನೋಡಲಿ. ಮದರ್‌ಬೋರ್ಡ್ ಕೂರುವ ತಗಡಿಗೂ ಹಿಂದಿನ ಮುಚ್ಚಳಕ್ಕೂ ನಡುವೆ ಎರಡು ಸೆಂಟಿಮೀಟರಾದರೂ ಇರಬೇಕು. ಇಲ್ಲವಾದರೆ 24 ಪಿನ್ನಿನ ದಪ್ಪ ಕೇಬಲ್ ಅಲ್ಲಿ ಹಾದು, ಮುಚ್ಚಳ ಉಬ್ಬಿಕೊಂಡು, ಸ್ಕ್ರೂ ಹಿಡಿಯುವುದೇ ಇಲ್ಲ. ಆಮೇಲೆ ತಟ್ಟಿ ನೋಡುತ್ತೇನೆ. ಅರ್ಧ ಮಿಲಿಮೀಟರಿನ ತಗಡು ಗಣಗಣ ಎನ್ನುತ್ತದೆ, ಫ್ಯಾನು ತಿರುಗಿದಾಗ ಅದೇ ಹಾಡು. 0.8 ಮಿಲಿಮೀಟರಿನದು ಟಪ್ ಎಂದು ಸುಮ್ಮನಾಗುತ್ತದೆ. ಕೊನೆಗೆ ಒಳ ಅಂಚುಗಳ ಮೇಲೆ ಬೆರಳಾಡಿಸುವ ಸುಖ: ಮಡಿಸಿದ ಅಂಚು ಮಾಡಿದವನ ಮರ್ಯಾದೆ ಹೇಳುತ್ತದೆ, ಮಡಿಸದ್ದು ರಕ್ತ ಕೇಳುತ್ತದೆ.

ಇಂಟೆಲ್ 1995ರಲ್ಲಿ ಮದರ್‌ಬೋರ್ಡಿಗೆ ಎಟಿಎಕ್ಸ್ ಎಂಬ ಅಳತೆ ಗೊತ್ತುಮಾಡಿತು. 305 ಗುಣಿಸು 244 ಮಿಲಿಮೀಟರಿನ ಆ ಬೋರ್ಡು ಇವತ್ತಿಗೂ ಅದೇ ತೂತುಗಳಲ್ಲಿ ಕೂರುತ್ತದೆ. ಸುತ್ತಲಿನದೆಲ್ಲ ಬದಲಾಯಿತು. ಮೇಲಿದ್ದ ಎಸ್‌ಎಂಪಿಎಸ್, ಅಂದರೆ ಒಳಗಿನದಕ್ಕೆಲ್ಲ ಕರೆಂಟು ಕೊಡುವ ಡಬ್ಬಿ, ಕೆಳಕ್ಕಿಳಿದು ತನ್ನ ತಣ್ಣನೆಯ ಗಾಳಿಯನ್ನು ನೆಲದ ಕಡೆಯಿಂದ ತಾನೇ ಎಳೆದುಕೊಳ್ಳತೊಡಗಿತು. ಸಿಡಿ ಡ್ರೈವಿನ ಗೂಡು ಮಾಯವಾಯಿತು. ಆ ಜಾಗದಲ್ಲಿ 120 ಮಿಲಿಮೀಟರಿನ ಫ್ಯಾನುಗಳು ಸಾಲಾಗಿ ನಿಂತವು. ಅವುಗಳ ಮುಂದೆ ಗಾಜು ನಿಲ್ಲಿಸುವವರನ್ನು ಏನನ್ನಬೇಕೋ. ಮೂಗು ಮುಚ್ಚಿ ಓಡು ಎಂದಂತಾಯಿತು. ನನ್ನ ಮತ ಯಾವಾಗಲೂ ಜಾಲರಿಗೆ.

ಆದರೆ ಜಾಲರಿ ಎಂದರೆ ಧೂಳು, ಮತ್ತು ದೆಹಲಿಯ ಧೂಳೆಂದರೆ ಮೇ ತಿಂಗಳ ಆಂಧಿ, ಧೂಳಿನ ಬಿರುಗಾಳಿ. ಮುಚ್ಚಿದ ಕಿಟಕಿಯ ಒಳಗೂ ಸಂಜೆಗೆ ಮೇಜಿನ ಮೇಲೆ ಹೆಸರು ಬರೆಯಬಹುದು. ಫಿಲ್ಟರಿನ ನೈಲಾನ್ ಬಲೆ ಹತ್ತಿಯ ಎಳೆ, ಕೂದಲು, ದಪ್ಪ ಧೂಳನ್ನು ತಡೆಯುತ್ತದೆಯೇ ಹೊರತು, ದೀಪಾವಳಿಯ ಹೊತ್ತಿನ ಹೊಗೆಯಲ್ಲಿರುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಒಳಕ್ಕೆ ಗಾಳಿ ತಳ್ಳುವ ಫ್ಯಾನುಗಳು ಹೊರಕ್ಕೆ ತಳ್ಳುವವಕ್ಕಿಂತ ತುಸು ಜೋರಾಗಿರಬೇಕು. ಆಗ ಸಂದುಗೊಂದುಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ನುಸುಳುವುದಿಲ್ಲ. ನೀರಿನ ಕೂಲರಿನ ಎದುರು ಮಾತ್ರ ಪೆಟ್ಟಿಗೆಯನ್ನು ಇಡಬಾರದು. ಒದ್ದೆ ಗಾಳಿ ತಾಗಿದ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೆಸರಾಗಿ ಕಚ್ಚಿಕೊಳ್ಳುತ್ತದೆ, ಊದಿದರೂ ಬರುವುದಿಲ್ಲ.

ಹಾಗಾಗಿ ನನ್ನ ಮುಖ್ಯ ಪರೀಕ್ಷೆ ಬಲು ಸಣ್ಣದು: ತಳದ ಫಿಲ್ಟರ್ ಯಾವ ಕಡೆಗೆ ಜಾರುತ್ತದೆ? ಹಿಂದಕ್ಕಾದರೆ ಅದನ್ನು ತೊಳೆಯಲು ಪ್ರತಿಸಲ ಇಡೀ ಪೆಟ್ಟಿಗೆಯನ್ನು ಗೋಡೆಯಿಂದ ಎಳೆಯಬೇಕು. ಎಳೆಯುವುದಿಲ್ಲ, ಯಾರೂ ಎಳೆಯುವುದಿಲ್ಲ. ಮುಂದಕ್ಕೆ ಜಾರುವುದಾದರೆ, ಮಾಡಿದವನ ಮನೆಯಲ್ಲೂ ಕಸ ಗುಡಿಸುತ್ತಾರೆ ಎಂದರ್ಥ.

ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಪೆಟ್ಟಿಗೆಯನ್ನು ಬೈಯುವವರೂ ಇದ್ದಾರೆ. ಅದು ಹಳೆಯ ಮನೆಯ ವೈರಿಂಗಿನ ತಪ್ಪು. ಪ್ಲಗ್ಗಿಗೆ ಅರ್ತಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ಸಿನೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಲೋಹದ ಮೈಮೇಲೆ ಮೇನ್ಸಿನ ಅರ್ಧ, ಸುಮಾರು 115 ವೋಲ್ಟ್, ಸುಳಿದಾಡುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಅದಕ್ಕೇ ಬರೀ ಜುಮ್ಮು. ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಮೊನ್ನೆ ಪರಿಚಯದವರ ಮಗನ ಜೊತೆ ಹೋಗಿದ್ದೆ. "ಅಂಕಲ್, ಗ್ಲಾಸ್ ಇರೋದೇ ಬೇಕು. ಬಿಳೀದು."

"ಒರೆಸೋರು ಯಾರಪ್ಪ?"

"ನಾನೇ."

ನಾನು ಅವನ ಅಮ್ಮನ ಮುಖ ನೋಡಿದೆ, ಅವರು ಅಂಗಡಿಯ ಸೂರು ನೋಡಿದರು. ಟಫನ್ಡ್ ಗಾಜನ್ನು ಬಿಚ್ಚಿದಾಗ ವಿಟ್ರಿಫೈಡ್ ಟೈಲಿನ ಮೇಲೆ ನಿಲ್ಲಿಸಬೇಡ, ಟೈಲು ಗಾಜಿಗಿಂತ ಗಟ್ಟಿ, ಅಂಚು ತಾಗಿದರೆ ಇಡೀ ಹಲಗೆ ಪುಡಿಯಾಗುತ್ತದೆ, ಹಾಸಿಗೆಯ ಮೇಲೆ ಮಲಗಿಸು ಎಂದು ಹೇಳಿದೆ. ಪಾಪ, ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಕೊಂಡ ಪೆಟ್ಟಿಗೆಯ ಮುಂಭಾಗ ಜಾಲರಿಯದು, ಫಿಲ್ಟರ್ ಮುಂದಕ್ಕೇ ಜಾರುತ್ತದೆ. ಅಷ್ಟನ್ನು ನಾನು ಬಿಟ್ಟುಕೊಡಲಿಲ್ಲ. ಆಮೇಲೆ ಅವರ ಮನೆಗೆ ಹೋದಾಗ ನೋಡುತ್ತೇನೆ, ಅಮ್ಮ ಅದರ ನೆತ್ತಿಯ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ ಹೊದಿಸಿ, ಮೇಲೊಂದು ಗಣಪತಿ ಇಟ್ಟಿದ್ದಾರೆ. ಬಿಸಿಗಾಳಿ ಹೊರಹೋಗುವ ಎರಡು ಫ್ಯಾನುಗಳು ಇರುವುದು ಸರಿಯಾಗಿ ಅದರ ಕೆಳಗೇ. ಗಣಪತಿಯನ್ನು ಇಳಿಸಿ ಎನ್ನುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಮೇ ತಿಂಗಳು ಬರಲಿ, ಮಿಷನ್ನೇ ಹೇಳುತ್ತದೆ.