ಅರಮನೆಯ ಮುಂದಿನ ಹಿತ್ತಾಳೆ ನಾದ

ಬಾಗಲಕೋಟೆಯಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದಾಗ ಕಿಟಕಿಯಾಚೆ ಜೋಳದ ಹೊಲ, ಆಮೇಲೆ ಬಾದಾಮಿಯ ಕೆಂಪು ಗುಡ್ಡ. ಬೆಳಿಗ್ಗೆ ಕಣ್ಣು ಬಿಟ್ಟರೆ ತೆಂಗಿನ ಸಾಲು, ಭತ್ತದ ಗದ್ದೆ, ಶ್ರೀರಂಗಪಟ್ಟಣದ ಕಾವೇರಿ. ಇಷ್ಟು ಹಸಿರು ನಮ್ಮ ಸೀಮೆಯ ಕಣ್ಣಿಗೆ ಹಬ್ಬವೇ.

ಭಾನುವಾರ ಸಂಜೆ ಏಳಕ್ಕೆ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಂಡವು. ಜನ ಹೋ ಎಂದರು. ಆ ಕೂಗಿನ ಮೇಲೆಯೇ ಪೊಲೀಸ್ ಬ್ಯಾಂಡಿನ ತುತ್ತೂರಿಗಳು ಎದ್ದವು. ನಾನು ದೀಪ ಬಿಟ್ಟು ಅತ್ತ ಓಡಿದೆ.

ನಮ್ಮಲ್ಲಿ ಹೋಳಿ ಬಂದರೆ ಓಣಿ ಓಣಿಯಲ್ಲಿ ಹಲಗಿ ಮೊಳಗುತ್ತದೆ. ಬಾರಿಸುವವನು ಪಕ್ಕದವನ ಮುಖ ನೋಡಿ ಪೆಟ್ಟು ಬದಲಿಸುತ್ತಾನೆ. ಇಲ್ಲಿ ಎಲ್ಲರ ಕಣ್ಣೂ ಸ್ವರಲಿಪಿಯ ಹಾಳೆಯ ಮೇಲೆ, ಮುಂದೆ ನಿಂತವರ ಕೋಲಿನ ಮೇಲೆ. ಗಾಳಿಗೆ ಹಾಳೆ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದ್ದರು. ಅಷ್ಟು ಮಂದಿಯ ಉಸಿರು ಒಂದೇ ಗಳಿಗೆಗೆ ಶುರುವಾಗಿ ಒಂದೇ ಗಳಿಗೆಗೆ ನಿಲ್ಲುತ್ತದೆ. ಅದನ್ನು ಎದುರಿಗೆ ನಿಂತೇ ಕೇಳಬೇಕು.

ಈ ಬಗೆಯ ಬ್ಯಾಂಡಿಗೆ ಲೋಕವೆಲ್ಲ ಮರುಳಾದ ಕಾಲವೊಂದಿತ್ತು. ಅಮೆರಿಕದ ಜಾನ್ ಫಿಲಿಪ್ ಸೂಸಾ 1896ರ ಕ್ರಿಸ್‌ಮಸ್ ಹೊತ್ತಿಗೆ ‘ದಿ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಎಂಬ ಮಾರ್ಚ್ ರಚಿಸಿದರು. ಯುರೋಪಿನಿಂದ ಹಡಗಿನಲ್ಲಿ ಮರಳುವಾಗಲೇ ಅದು ತಲೆಯಲ್ಲಿ ಮೊಳಗತೊಡಗಿತ್ತಂತೆ. 1987ರಲ್ಲಿ ಅಮೆರಿಕ ಅದನ್ನು ರಾಷ್ಟ್ರೀಯ ಮಾರ್ಚ್ ಮಾಡಿತು. ಮದುವೆ ಮೆರವಣಿಗೆಗಳಲ್ಲಿ ಮೈಗೆ ಸುತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ ಸೂಸಾಫೋನ್ ಕೂಡ ಅವರ ಇಚ್ಛೆಯಂತೆ ರೂಪುಗೊಂಡದ್ದು. ಆ ಮಾರ್ಚ್ ಮೊದಲು ನುಡಿದ 1897ರಲ್ಲೇ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ನಾನು ನೋಡುತ್ತಿದ್ದ ಅರಮನೆ ಪೂರ್ಣಗೊಂಡದ್ದು 1912ರಲ್ಲಿ.

ನುಡಿಸಾಣಿಕೆ ಮುಗಿದ ಮೇಲೆ ಒಬ್ಬ ತುತ್ತೂರಿಗಾರರನ್ನು ಮಾತಿಗೆಳೆದೆ. ಕೊಳವೆಯ ಕೆಳಗಿನ ಸಣ್ಣ ಮುಚ್ಚಳ ಒತ್ತಿ, ಉಸಿರು ನೀರಾಗಿ ಕೂತದ್ದನ್ನು ಹೊರಗೆ ಊದುತ್ತಿದ್ದರು.

“ಸರ್, ನಮ್ಮ ರಾಗ ಇದ್ರಾಗ ಬರ್ತಾವೇನ್ರಿ?”

“ಗಮಕ ಕಷ್ಟ. ಗುಂಡಿ ಒತ್ತಿದ್ರೆ ಸ್ವರ ಜಿಗಿಯುತ್ತೆ, ಜಾರೋದಿಲ್ಲ. ಆದ್ರೆ ಶಂಕರಾಭರಣ ಸಲೀಸು. ಇಂಗ್ಲಿಷ್‌ನೋರ ಮೇಜರ್ ಸ್ಕೇಲೂ ಅದೂ ಒಂದೇ ಸ್ವರಗಳು.”

ಮೈಸೂರು ಸಂಸ್ಥಾನದ ಗೀತೆ ‘ಕಾಯೌ ಶ್ರೀಗೌರಿ’ ಅದೇ ರಾಗದ್ದು. ಬರೆದವರು ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳು, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಕನ್ನಡದ ಪ್ರಾರ್ಥನೆ ಹಿತ್ತಾಳೆಯ ಬಾಯಿಗೆ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದು ನನಗೆ ಆ ದೀಪಗಳಿಗಿಂತ ದೊಡ್ಡ ಬೆರಗು. ಸಂಗೀತವನ್ನು ಅರಮನೆಯವರು ಶೋಕಿಗೆ ಸಾಕಿದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರೇ ಹಲವು ವಾದ್ಯ ನುಡಿಸುತ್ತಿದ್ದರು. ಅವರ ಕಾಲದಲ್ಲಿ ಜರ್ಮನಿಯ ಆಟೋ ಷ್ಮಿಟ್ ಪಾಶ್ಚಾತ್ಯ ವಾದ್ಯವೃಂದ ನಡೆಸಿದರು. ಜಯಚಾಮರಾಜ ಒಡೆಯರು ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ಹಣ ಕೊಟ್ಟರು. ಅದೂ 1940ರ ದಶಕದ ಕೊನೆಯಲ್ಲಿ, ಸಂಸ್ಥಾನವೇ ಕೈತಪ್ಪುತ್ತಿದ್ದಾಗ.

ಸಂಸ್ಥಾನ ಹೋಯಿತು, ಗೀತೆ ಉಳಿಯಿತು. ದಸರೆಯ ಖಾಸಗಿ ದರ್ಬಾರಿನಲ್ಲಿ ಈಗಲೂ ಅದನ್ನು ನುಡಿಸುವುದು ಸರ್ಕಾರದ ಸಂಬಳದ ಪೊಲೀಸರು. ನಾನು ಬೇಡಿಕೊಂಡಾಗ ಆ ತುತ್ತೂರಿಗಾರರು ಮೊದಲ ಸಾಲು ಊದಿ ತೋರಿಸಿದರು. ದಾರಿಯಲ್ಲಿ ಹೊರಟವರೂ ತಿರುಗಿ ನಿಂತರು.

“ಹೋಳಿಗೆ ಬಾಗಲಕೋಟಿಗೆ ಬರ್ರಿ ಸರ್, ಹಲಗಿ ಕೇಳಸ್ತೀವಿ” ಎಂದೆ.

“ರಜೆ ಸಿಕ್ಕಿದ್ರೆ ಖಂಡಿತ. ಅದಕ್ಕೆ ಸ್ವರಲಿಪಿ ಯಾರಾದ್ರೂ ಬರ್ದಿದ್ದಾರಾ?” ಎಂದು ಕೇಳುತ್ತ ಅವರು ತುತ್ತೂರಿಯನ್ನು ಪೆಟ್ಟಿಗೆಗಿಟ್ಟರು.