ಮಕ್ಕಳ ಕಥೆಯಲ್ಲಿ ಹನ್ನೆರಡರ ಮಗು

ಮನುಷ್ಯನ ವಯೋಮಾನವನ್ನು ವಿಭಾಗಿಸಿದ ಪೂರ್ವಸೂರಿಗಳು ಐದರವರೆಗೆ ಕೌಮಾರವೆಂದೂ ಹತ್ತರವರೆಗೆ ಪೌಗಂಡವೆಂದೂ ಹದಿನೈದರವರೆಗೆ ಕೈಶೋರವೆಂದೂ ಹೆಸರಿಟ್ಟರು. ಇವುಗಳಲ್ಲಿ ಹತ್ತರಿಂದ ಹದಿಮೂರರವರೆಗಿನ ಅವಧಿಯು, ಎಂದರೆ ಐದನೆಯ ತರಗತಿಯಿಂದ ಎಂಟನೆಯದರವರೆಗಿನ ಕಾಲವು, ಕಥೆಗಾರನ ಕೈಗೆ ಸುಲಭವಾಗಿ ಸಿಕ್ಕುವಂಥದಲ್ಲ. ಶಿಶುವಿಗೆ ಪ್ರಾಸದ ಪದ್ಯವುಂಟು, ತರುಣನಿಗೆ ಕಾದಂಬರಿಯುಂಟು. ನಡುವಿನ ಮಗುವಿಗೆ ಅಜ್ಜಿಯ ಕಥೆ ಹಳೆಯದಾಗಿದೆ, ಹಿರಿಯರ ಪುಸ್ತಕ ಇನ್ನೂ ದೂರವಿದೆ. ತನ್ನಂಥವರನ್ನು ಪುಸ್ತಕದಲ್ಲಿ ಕಾಣದ ಆ ಮಗು ಮೆಲ್ಲನೆ ಓದನ್ನೇ ಬಿಡುತ್ತದೆ.

ಇಂತಹ ಮಕ್ಕಳಿಗಾಗಿ ರಚಿತವಾದ ಅನೇಕ ಕಥೆಗಳಲ್ಲಿ ಒಂದು ದೋಷ ಎದ್ದು ಕಾಣುತ್ತದೆ. ಅಲ್ಲಿ ಹುಡುಗನು ಬಾಯಿ ತೆರೆದರೆ ಮಾಸ್ತರರ ಮಾತು ಕೇಳಿಸುತ್ತದೆ. ಅವನು ಮೊದಲಿನಿಂದಲೂ ಸದ್ಗುಣಿಯಾಗಿರುತ್ತಾನೆ. ಇಲ್ಲವೆ ಕೊನೆಯ ಪುಟದಲ್ಲಿ ತಪ್ಪದೆ ಪಶ್ಚಾತ್ತಾಪ ಪಡುತ್ತಾನೆ. ಅವನನ್ನು ‘ಇವನು ನಮ್ಮವನು’ ಎಂದು ಯಾವ ವಿದ್ಯಾರ್ಥಿಯೂ ಒಪ್ಪಲಾರನು.

ಕನ್ನಡದ ಪ್ರಾಚೀನ ಕವಿಗೆ ಈ ಮರ್ಮ ತಿಳಿದಿತ್ತು. ಹರಿಹರನು ರಗಳೆಯಾಗಿಸಿದ ಕೋಳೂರ ಕೊಡಗೂಸಿನ ಕಥೆಯನ್ನು ನೆನೆಯಬಹುದು. ಪರಸ್ಥಳಕ್ಕೆ ಹೊರಟ ತಂದೆಯು ಶಿವನಿಗೆ ಹಾಲು ನಿವೇದಿಸುವ ಕೆಲಸವನ್ನು ಮಗಳಿಗೆ ವಹಿಸುತ್ತಾನೆ. ದೇವರು ನಿಜವಾಗಿಯೇ ಕುಡಿಯುವನೆಂದು ಅವಳು ನಂಬಿದ್ದಾಳೆ. ಕುಡಿಯದಿದ್ದಾಗ ಓಲೈಸುತ್ತಾಳೆ, ಅಳುತ್ತಾಳೆ, ಹೆತ್ತವರು ಸಿಟ್ಟಾದಾರೆಂದು ಹೆದರುತ್ತಾಳೆ. ಹಿರಿಯರಿಗೆ ಭಕ್ತಿಯಾಗಿ ಕಾಣುವುದು ಅವಳ ಪಾಲಿಗೆ ಮನೆಯವರು ಒಪ್ಪಿಸಿದ ಕೆಲಸ. ಪಾತ್ರದ ಜೀವ ಇರುವುದು ಅಲ್ಲಿಯೇ. ಅದೇ ಬಾಲೆ ಹನ್ನೆರಡರವಳಾಗಿದ್ದರೆ, ತಂದೆ ಇಟ್ಟ ಹಾಲನ್ನು ಕುಡಿಯುವವರಾರೆಂದು ಕಂಬದ ಮರೆಯಲ್ಲಿ ನಿಂತು ಇಣುಕುತ್ತಿದ್ದಳು. ನಂಬಿಕೆ ಹೋಗಿರುವುದಿಲ್ಲ, ಅನುಮಾನ ಬಂದಿರುತ್ತದೆ. ಈ ವಯಸ್ಸಿನ ಲಕ್ಷಣವೇ ಅದು.

ರಾಯಚೂರು ಸೀಮೆಯಲ್ಲಿ ಇಂತಹ ಮಕ್ಕಳು ಮನೆಮನೆಗೂ ಸಿಗುತ್ತಾರೆ. ದೇವದುರ್ಗದ ಕಡೆಯಿಂದ ತಂದೆತಾಯಿಗಳು ಗುಳೆ ಹೊರಟು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಸೇರಿದರೆ, ಅಜ್ಜಿಯೊಡನೆ ಉಳಿದ ಬಾಲಕಿ ರೊಟ್ಟಿ ಬಡಿಯುತ್ತಾಳೆ, ತಮ್ಮನನ್ನು ಅಂಗನವಾಡಿಗೆ ಮುಟ್ಟಿಸುತ್ತಾಳೆ, ಅಂಗಡಿಯ ಉದ್ದರಿ ಲೆಕ್ಕವನ್ನು ನೆನಪಿಡುತ್ತಾಳೆ. ಅವಳೇ ಸಂಜೆ ಕುಂಟೆಬಿಲ್ಲೆಯಲ್ಲಿ ಸೋತರೆ ಕಣ್ಣೀರಿಡುತ್ತಾಳೆ. ರಾತ್ರಿ ಒಬ್ಬಳೇ ಹಿತ್ತಲಿಗೆ ಹೋಗಲು ಅಂಜುತ್ತಾಳೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದರೆ, ತಮ್ಮ ಹೊಲದವರೆಗೆ ಮುಟ್ಟೀತೇ ಎಂಬುದು ತಂದೆಯ ಚಿಂತೆ. ಮಗನು ಆ ಚಿಂತೆಯನ್ನು ಬಲ್ಲ. ಬಲ್ಲವನಾದರೂ ಈಜಿಯೇ ತೀರುತ್ತಾನೆ. ರಾಯಚೂರಿನ ಕೋಟೆಯಲ್ಲಿ 1294ರ ಶಾಸನವಿರುವ ನಲವತ್ತೊಂದು ಅಡಿಯ ಕಲ್ಲನ್ನು ಕಂಡಾಗ ಹಿರಿಯರು ಇಸವಿ ಹೇಳುತ್ತಾರೆ. ಹುಡುಗನು ಅಲ್ಲಿ ಕೊರೆದ ಬಂಡಿಯ ಕೋಣಗಳನ್ನು ಎಣಿಸಿ, ಅವು ದಾರಿಯಲ್ಲಿ ಏನು ತಿಂದವೆಂದು ಕೇಳುತ್ತಾನೆ.

ನುಡಿಯೂ ಹಾಗೆಯೇ. ‘ಅಮ್ಮಾ, ಶಾಲೆಗೆ ಹೋಗಿಬರುವೆನು’ ಎಂಬುದು ವ್ಯಾಕರಣಶುದ್ಧ. ಆದರೆ ಮಾನ್ವಿಯ ಮಗು ಹೇಳುವುದು ‘ಯವ್ವಾ, ಸಾಲಿಗಿ ಹೋಗಿ ಬರ್ತೀನಿ’ ಎಂದು. ರಾಯಚೂರು ಪೇಟೆಯ ಹುಡುಗನ ಮಾತಿನಲ್ಲಿ ಉರ್ದುವೂ ತೆಲುಗೂ ಬೆರೆಯುತ್ತವೆ. ನಿರೂಪಣೆ ಗ್ರಾಂಥಿಕವಾಗಿರಲಿ, ಸಂಭಾಷಣೆಯನ್ನು ತಿದ್ದಿದರೆ ಮಗುವೇ ಮಾಯವಾಗುತ್ತದೆ.

ಕಥಾಂತ್ಯದಲ್ಲಿ ನೀತಿ ಹೇಳಲೇಬೇಕೆಂಬ ಹಟವೂ ಸಲ್ಲದು. ಮೈಸೂರಿನಲ್ಲಿದ್ದು ಆರ್. ಕೆ. ನಾರಾಯಣರು ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ರೈಲಿನಲ್ಲಿ ಅಗಲುವ ಗೆಳೆಯನ ಮನಸ್ಸು ಕರಗಿತೋ ಇಲ್ಲವೋ ಎಂಬುದು ಕೊನೆಗೂ ಸ್ವಾಮಿಗೆ ಖಚಿತವಾಗುವುದಿಲ್ಲ. ಆ ಕಳವಳವನ್ನು ಲೇಖಕರು ಉಪದೇಶದಿಂದ ಮುಚ್ಚಲಿಲ್ಲ. ಓದುಗನ ಎದೆಯಲ್ಲಿ ಅದು ಉಳಿಯಲು ಅದೇ ಕಾರಣ.

ಹತ್ತಿ ಬಿಡಿಸುವ ಕಾಲ ಬಂದರೆ ಈ ಸೀಮೆಯ ತರಗತಿಗಳಲ್ಲಿ ಕೆಲವು ಸ್ಥಳಗಳು ಬರಿದಾಗುತ್ತವೆ. ಪುಸ್ತಕವೊಂದೇ ಆ ಮಕ್ಕಳನ್ನು ಮರಳಿ ತಂದೀತೆಂಬ ಭ್ರಮೆ ಬೇಡ. ಆದರೆ ತನ್ನ ರೊಟ್ಟಿ, ತನ್ನ ಅಂಜಿಕೆ, ತನ್ನ ಮಾತು ಅಚ್ಚಾಗಿರುವುದನ್ನು ಕಂಡ ಬಾಲಕಿಗೆ ತನ್ನ ಬದುಕೂ ಬರೆಯಲು ಯೋಗ್ಯವೆಂಬ ಅರಿವು ಮೂಡುತ್ತದೆ. ಆದಕಾರಣ ಶಿಕ್ಷಕರು ವಿರಾಮದ ವೇಳೆಯ ಅಂಗಳದ ಮಾತಿಗೆ ಕಿವಿಗೊಡಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಹನ್ನೆರಡರ ದಿನಗಳನ್ನು ಅಲಂಕರಿಸದೆ ಬರೆದುಕೊಡಲಿ. ದಾನಿಗಳಿತ್ತ ಕಪಾಟಿನಲ್ಲಿ ಅಂತಹ ಪುಸ್ತಕಗಳಿಗೆ ಎಡೆಯಿರಲಿ, ಆ ಕಪಾಟಿಗೆ ಬೀಗವಿಲ್ಲದಿರಲಿ.