ಮಡಿಕೇರಿಯ ಮಂಜು

ಕಕ್ಕಡ ತಿಂಗಳ ಮಡಿಕೇರಿಯಲ್ಲಿ ಬೆಳಗಿಗೂ ಬೈಗಿಗೂ ಹೆಚ್ಚಿನ ಭೇದವಿಲ್ಲ. ಸಮುದ್ರಮಟ್ಟದಿಂದ 3,500 ಅಡಿಗಳಿಗೂ ಮೇಲಿರುವ ಈ ಊರಿಗೆ ಕಣಿವೆಯಿಂದ ಮೋಡಗಳು ಏರಿಬಂದು, ಮೊದಲು ರಾಜಾಸೀಟಿನ ಹೂದೋಟವನ್ನು ನುಂಗಿ, ಬಳಿಕ ಬೀದಿಗಿಳಿಯುತ್ತವೆ. ಕೊಡಗಿನ ಅರಸರು ಸೂರ್ಯಾಸ್ತವನ್ನು ನೋಡಿ ತಣಿಯುತ್ತಿದ್ದರೆಂಬ ಆ ತಾಣದಲ್ಲಿ ನಿಂತ ಪ್ರವಾಸಿಗನಿಗೆ ತನ್ನ ಕೈಯಲ್ಲಿನ ಕಡಲೆಕಾಯಿಯ ಪೊಟ್ಟಣವೊಂದೇ ಸ್ಪಷ್ಟವಾಗಿ ಕಾಣುವುದು.

ಇಂಥದೊಂದು ಮುಂಜಾನೆ ಮೈಸೂರಿನ ಕುಟುಂಬವೊಂದರ ಕಾರು ವಸತಿಗೃಹದ ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತಿತ್ತು. ಮಂಗಳೂರಿನಲ್ಲಿದ್ದ ಏಳು ತಿಂಗಳ ಬಸುರಿ ಮಗಳನ್ನು ಬಾಣಂತನಕ್ಕೆ ಕರೆತರಲು ಹೊರಟವರು ಅವರು. ಹಿಂಬದಿಯ ಗಾಜು ಬೆಳ್ಳಗೆ ಮುಸುಕಿತ್ತು. ಯಾರೋ ಕೂಗಿದರು, ಕಾರು ನಿಂತಿತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಶಾಲೆಯ ಹುಡುಗನೊಬ್ಬ ಗೇಣು ದೂರದಲ್ಲಿ ನಿಂತಿದ್ದ. ಹುಡುಗನೇನೋ ನಕ್ಕು ಓಡಿದ. ಯಜಮಾನರ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

“ಇದು ಸರಿಹೋಗುವ ತನಕ ಘಾಟಿ ಇಳಿಯುವುದು ಬೇಡ. ನಾಳೆ ಮಗಳನ್ನು ಕೂರಿಸಿಕೊಂಡು ಇದೇ ದಾರಿಯಲ್ಲಿ ಹತ್ತಬೇಕಲ್ಲ,” ಎಂದರು ಮನೆಯಾಕೆ.

ಮಾತು ನಿಜ. ಮದೆನಾಡು, ಜೋಡುಪಾಲಗಳನ್ನು ಹಾದು ಸಂಪಾಜೆಗೆ ಇಳಿಯುವ ಹೆದ್ದಾರಿಯಿದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಈ ದಾರಿಯೇ ಮುಚ್ಚಿಹೋಗಿತ್ತು. ತಿರುವಿನಲ್ಲಿ ಹಿಂದಕ್ಕೆ ಸರಿಯಬೇಕಾದರೆ ಕಣ್ಣಿಗೆ ಅಂಚು ಕಾಣಲೇಬೇಕು.

ಹೊರಗಿನ ಮಂಜು ಊರಿನದು. ಗಾಜಿನ ಒಳಮೈಯ ಮಂಜು ಕಾರಿನೊಳಗೆ ಕುಳಿತವರದೇ. ಉಸಿರಿನ, ತೊಯ್ದ ಬಟ್ಟೆಯ ತೇವವೆಲ್ಲ ತಣ್ಣನೆಯ ಗಾಜಿಗೆ ತಗುಲಿ ಹನಿಗಟ್ಟುತ್ತದೆ. ಇದಕ್ಕೆಂದೇ ಹಿಂಗಾಜಿನ ಒಳಮೈಗೆ ಬೆಳ್ಳಿ ಬೆರೆಸಿದ ಸಣ್ಣ ಗೆರೆಗಳನ್ನು ಅಡ್ಡಡ್ಡವಾಗಿ ಅಂಟಿಸಿರುತ್ತಾರೆ. ವಿದ್ಯುತ್ತು ಹರಿದಾಗ ಗೆರೆ ಬಿಸಿಯಾಗಿ ಗಾಜು ತಿಳಿಯಾಗುತ್ತದೆ. ಡಿಫಾಗರ್ ಎಂದರೆ ಇಷ್ಟೇ.

ಪೇಟೆಯ ಮೆಕ್ಯಾನಿಕ್ ಗುಂಡಿ ಒತ್ತಿ ಸುಮ್ಮನೆ ನಿಂತ. ಬೇರೆಡೆಯಾದರೆ ಗಾಜಿಗೆ ಉಸಿರೂದಿ ನೋಡಬೇಕು. ಮಡಿಕೇರಿಯಲ್ಲಿ ಆ ಶ್ರಮವಿಲ್ಲ. ಮೇಲೂ ಕೆಳಗೂ ಗಾಜು ತಿಳಿಯಾಯಿತು. ನಡುವೆ ಮೂರು ಗೆರೆಗಳ ಪಟ್ಟಿ ಮಾತ್ರ ಬೆಳ್ಳಗೇ ಉಳಿಯಿತು. ಫ್ಯೂಸು ಹೋಗಿದ್ದರೆ ಎಲ್ಲವೂ ಸಾಯುತ್ತಿದ್ದವು. ಹಾಗಾದರೆ ಗೆರೆಗಳೇ ತುಂಡಾಗಿವೆ. ಎಲ್ಲಿ? ಗೆರೆ ಎಲ್ಲಿ ಕಡಿದರೂ ಉದ್ದಕ್ಕೂ ತಣ್ಣಗಾಗುವುದರಿಂದ ಮಂಜು ಅದನ್ನು ಹೇಳದು.

ಅವನು ಮೀಟರಿನ ಕಪ್ಪು ತಂತಿಯನ್ನು ಕಾರಿನ ಲೋಹಕ್ಕೆ ಮುಟ್ಟಿಸಿ, ಕೆಂಪು ಮೊನೆಗೆ, ಗೆರೆ ತರಚದಂತೆ, ಸಿಗರೇಟು ಪೆಟ್ಟಿಗೆಯ ಬೇಗಡೆ ಸುತ್ತಿದ. ಎಂಜಿನು ಓಡುವಾಗ ಸುಮಾರು 14 ವೋಲ್ಟು; ನೆಟ್ಟಗಿರುವ ಗೆರೆಯ ನಟ್ಟನಡುವೆ ಅದರ ಅರ್ಧ, 7ರ ಆಸುಪಾಸು, ಇರಬೇಕು. ಸತ್ತ ಗೆರೆಯ ನಡುವೆ ಪೂರ್ತಿ 14 ತೋರಿತು. ಎಂದರೆ ಬ್ಯಾಟರಿಯ ಕಡೆಯಿಂದ ಅಲ್ಲಿಯವರೆಗೆ ಗೆರೆ ಸರಿಯಿದೆ. ಮೊನೆಯನ್ನು ಮೆಲ್ಲನೆ ಇನ್ನೊಂದು ಬದಿಗೆ ಸರಿಸುತ್ತ ಹೋದ. 14, 14, ಥಟ್ಟನೆ ಸೊನ್ನೆ! ಉಳಿದೆರಡು ಗೆರೆಗಳೂ ಅದೇ ನೇರದಲ್ಲಿ ಸೊನ್ನೆಯಾದವು.

“ಇಲ್ಲಿ ಏನು ಇಡುತ್ತೀರಿ ಸಾರ್?”

ಯಜಮಾನರು ಉತ್ತರಿಸಲಿಲ್ಲ. ಗಾಜಿಗೊರಗಿಸಿಟ್ಟ ಅವರ ಉದ್ದನೆಯ ಕೊಡೆ ಇನ್ನೂ ಅಲ್ಲೇ ನೀರು ತೊಟ್ಟಿಕ್ಕುತ್ತಿತ್ತು. ಅದರ ಲೋಹದ ಮೊನೆ ಸರಿಯಾಗಿ ಆ ಗೀರಿನ ಎದುರಿಗೇ ಇತ್ತು.

ಗೀರಿನ ಮೇಲೆ ಕೆಳಗೆ ಟೇಪು ಅಂಟಿಸಿ ಬೆಳ್ಳಿಬಣ್ಣ ಹಚ್ಚಿದ್ದಾಯಿತು. ಅದು ಒಣಗಲು ಒಂದು ಹಗಲು, ಒಂದು ಇರುಳು ಕಾಯಬೇಕಾಯಿತು. ಮಂಗಳೂರಿಗೆ ಫೋನು ಹೋಯಿತು. ಮರುದಿನ ಜೋಡುಪಾಲದ ಬಳಿ ಲಾರಿಯೊಂದಕ್ಕೆ ದಾರಿ ಬಿಡಲು ಕಾರು ಹಿಂದೆ ಸರಿದಾಗ ಕನ್ನಡಿಯಲ್ಲಿ ರಸ್ತೆಯ ಬಿಳಿ ಅಂಚು, ಅದರಾಚೆಯ ಜರಿಗಿಡ ಎರಡೂ ಕಂಡವು. ಕೊಡೆ ಮನೆಯಾಕೆಯ ಕಾಲಬಳಿ ಮಲಗಿತ್ತು.